ನಿಂತ ಗಾಡಿಯ ಬ್ಯಾಟರಿಗೆ ಕಂಬಳಿ ಬೇಡ

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನನ್ನ ಅಳಿಯ, ಅಂದರೆ ಅಣ್ಣನ ಮಗ, ಬೆಂಗಳೂರಿನಿಂದ ಗಂಗಾವತಿಗೆ ಬಂದ. ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಅವನು ಮನೆ ಮಾಡಿಕೊಂಡಿದ್ದಾನೆ. ಒಳಗೆ ಮಂಚ, ಒಲೆ, ಸಣ್ಣ ಫ್ರಿಜ್ಜು, ಫ್ಯಾನು ಎಲ್ಲಾ ಇವೆ. ಬೆಂಗಳೂರಲ್ಲಿ ನಿಲ್ಲಿಸಲು ಜಾಗವಿಲ್ಲ, ನಮ್ಮ ನೆಲ್ಲಿನ ಗೋದಾಮಿನಲ್ಲಿ ಯುಗಾದಿವರೆಗೆ ಇರಲಿ ಅಂತ ತಂದಿದ್ದ. ಹೋಗುವ ಮುಂಚೆ ಬ್ಯಾಟರಿಗೆ ಒಂದು ಕಂಬಳಿ ಹೊದಿಸಿದ.

“ಯಾಕೋ ಅದಕ್ಕ ಕಂಬಳಿ?” ಅಂದೆ.

“ಚಳಿಗೆ ಬ್ಯಾಟರಿ ಸಾಯ್ತದಂತ ಅತ್ತಿ, ವಿಡಿಯೋದಾಗ ನೋಡೀನಿ.”

ಆ ವಿಡಿಯೋ ಮಾಡಿದವರ ಊರಲ್ಲಿ ಹಿಮ ಬೀಳುತ್ತದೆ. ಅಲ್ಲಿ ಚಾರ್ಜ್ ಇಳಿದ ಬ್ಯಾಟರಿಯ ಆಸಿಡ್ ತೆಳ್ಳಗಾಗಿ ಮೈನಸ್ 10 ಡಿಗ್ರಿ ಆಸುಪಾಸಿನಲ್ಲೇ ಗಡ್ಡೆ ಕಟ್ಟುತ್ತದೆ, ಡಬ್ಬಿ ಸೀಳುತ್ತದೆ. ಫುಲ್ ಚಾರ್ಜ್ ಇದ್ದರೆ ಮೈನಸ್ 50ಕ್ಕೂ ಏನೂ ಆಗುವುದಿಲ್ಲ. ಅಂದರೆ ಅಲ್ಲಿಯೂ ತಪ್ಪು ಚಳಿಯದಲ್ಲ, ಹೊಟ್ಟೆ ತುಂಬಿಸದೆ ಬಿಟ್ಟವರದು. ಇನ್ನು ನಮ್ಮ ಕಡೆ ಚಳಿ ಎಷ್ಟಿರುತ್ತೆ ಹೇಳಿ? ಡಿಸೆಂಬರಿನಲ್ಲಿ ಒಂದು ಸ್ವೆಟರ್ ಹಾಕಿಕೊಂಡು ಗದ್ದೆಗೆ ಹೋದರೆ ಒಂಬತ್ತಕ್ಕೆ ಬಿಚ್ಚಿ ಹೆಗಲಿಗೆ ಹಾಕಿಕೊಳ್ಳಬೇಕು. ಬ್ಯಾಟರಿ ಎತ್ತಿಡಲು ಇದಕ್ಕಿಂತ ಒಳ್ಳೇ ಕಾಲ ಇಲ್ಲ. ಸುಮ್ನೆ ಇಟ್ಟ ಬ್ಯಾಟರಿಯೂ ತನ್ನಷ್ಟಕ್ಕೆ ತಿಂಗಳಿಗೆ ನೂರಕ್ಕೆ ನಾಲ್ಕೈದರಷ್ಟು ಇಳಿಯುತ್ತದೆ. ಬಿಸಿ 10 ಡಿಗ್ರಿ ಏರಿದರೆ ಇಳಿಯುವುದು ಹೆಚ್ಚುಕಡಿಮೆ ಎರಡರಷ್ಟು. ಮಾರ್ಚ್ ದಾಟಿ ರಾಯಚೂರು, ಕೊಪ್ಪಳದ ಬಿಸಿಲು 40 ಮುಟ್ಟಿದಾಗ ಹೆದರಬೇಕು. ಚಳಿಗಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತಿಲ್ಲ, ದುಡ್ಡು ಕೊಟ್ಟು ಕಲಿತೆ. ನಮ್ಮ ಮನೆಯವರು ಹೋದ ಮರುವರ್ಷ ಕಾಲುವೆಗೆ ಎರಡನೇ ಬೆಳೆಯ ನೀರು ಬಿಡಲಿಲ್ಲ. ಟ್ರ್ಯಾಕ್ಟರ್ ನಾಲ್ಕು ತಿಂಗಳು ಬೇವಿನ ಮರದ ಕೆಳಗೆ ನಿಂತಿತ್ತು. ಮುಂಗಾರಿಗೆ ಕೀಲಿ ತಿರುಗಿಸಿದರೆ ಟಿಕ್ ಅಂತ ಒಂದು ಸದ್ದು, ಅಷ್ಟೇ. ಸೆಲ್ಫ್ ಎತ್ತಲಿಲ್ಲ. ಎರಡು ದಿನ ಚಾರ್ಜಿಗೆ ಹಾಕಿದರೂ ಹಿಡಿಯಲಿಲ್ಲ. ಮೆಕ್ಯಾನಿಕ್ ಹುಡುಗ ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದು ತೋರಿಸಿದ. ನೀರು ಕೆಳಗಿಳಿದು ಒಳಗಿನ ಸೀಸದ ಪ್ಲೇಟುಗಳ ನೆತ್ತಿ ಕಾಣುತ್ತಿತ್ತು, ಮೇಲೆ ಬೂದಿ ಬಳಿದ ಹಾಗೆ ಬೆಳ್ಳಗೆ ಪದರ. ಚಾರ್ಜ್ ಇಳಿದಾಗ ಪ್ಲೇಟಿನ ಮೇಲೆ ಸೀಸದ ಉಪ್ಪು ಕೂರುತ್ತದಂತೆ. ಬೇಗ ಚಾರ್ಜ್ ಮಾಡಿದರೆ ಕರಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಗಟ್ಟಿಯಾಗಿ, ಮತ್ತೆ ಕರಗುವುದೇ ಇಲ್ಲ. ಏಳು ಸಾವಿರ ಕೊಟ್ಟು ಹೊಸದು ತಂದೆ.

ಅವತ್ತಿನಿಂದ ನನ್ನ ಹತ್ತಿರ ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಇದೆ. ದೊಡ್ಡ ವಿದ್ಯೆ ಏನಲ್ಲ. ಗಾಡಿ ನಿಂತು ಒಂದು ರಾತ್ರಿ ಕಳೆದ ಮೇಲೆ ಕೆಂಪು ತಂತಿ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ ಮುಟ್ಟಿಸಿ. 12.6 ಅಥವಾ 12.7 ವೋಲ್ಟ್ ಬಂದರೆ ಹೊಟ್ಟೆ ತುಂಬಿದೆ. 12.4 ಬಂದರೆ ಮುಕ್ಕಾಲು, ಆಗಲೇ ಚಾರ್ಜಿಗೆ ಹಾಕಬೇಕು. 12.2 ಅಂದರೆ ಅರ್ಧ, ತಡ ಮಾಡಿದಿರಿ ಅಂತ. 12ರ ಕೆಳಗೆ ಹೋದರೆ ಬ್ಯಾಟರಿ ಅಂಗಡಿಯವನಿಗೆ ಫೋನ್ ಮಾಡಿ.

ಅಳಿಯನ ಗಾಡಿಯನ್ನು ಹೀಗೇ ನೋಡಿದೆ. 12.5 ಇತ್ತು. ಪರವಾಗಿಲ್ಲ, ಆದರೆ ಅವನು ಎರಡೂ ತಂತಿ ಹಾಗೇ ಬಿಟ್ಟಿದ್ದ. ಕೀಲಿ ತೆಗೆದರೂ ಗಡಿಯಾರ, ಅಲಾರಾಂ, ಟೇಪು ಅಂತ ಒಳಗೊಳಗೇ ಕುಡಿಯುವವರು ಬಹಳ ಜನ ಇರುತ್ತಾರೆ. ಬರೀ 50 ಮಿಲಿ ಆಂಪಿಯರ್ ಅಂದುಕೊಳ್ಳಿ. ದಿನಕ್ಕೆ 1.2 ಎಎಚ್ (ಆಂಪಿಯರ್ ಅವರ್, ಬ್ಯಾಟರಿಯ ಹೊಟ್ಟೆ ಅಳೆಯುವ ಲೆಕ್ಕ), ತಿಂಗಳಿಗೆ 36. ಸಣ್ಣ ಕಾರಿನ 35 ಎಎಚ್ ಬ್ಯಾಟರಿ ಆದರೆ ಅಲ್ಲಿಗೆ ಖಾಲಿ. ಅದಕ್ಕೇ ಹದಿನೈದು ದಿನಕ್ಕಿಂತ ಜಾಸ್ತಿ ನಿಲ್ಲಿಸುವುದಾದರೆ ಮೈನಸ್ ತಂತಿ ಬಿಚ್ಚಿಬಿಡಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಪ್ಲಸ್ ಮೊದಲು ಬಿಚ್ಚಲು ಹೋಗಿ ಪಾನಾ ಗಾಡಿಯ ಮೈಗೆ ತಾಗಿದರೆ ಕಿಡಿ ಹಾರುತ್ತದೆ.

ಕೆಲವರು ಬೆಳಿಗ್ಗೆ ಎದ್ದು ಗಾಡಿ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟು, ಚಹಾ ಕುಡಿದು ಆಫ್ ಮಾಡುತ್ತಾರೆ. ಡೀಸೆಲ್ ದಂಡ. ಸೆಲ್ಫ್ ಹೊಡೆದಾಗ ಹೋದದ್ದು ಅಷ್ಟರಲ್ಲಿ ವಾಪಸ್ ಬಂದರೆ ದೊಡ್ಡದು. ಅದರ ಬದಲು ಅಂಜನಾದ್ರಿವರೆಗೆ ಹೋಗಿ ಬನ್ನಿ, ಹನುಮಪ್ಪನ ದರ್ಶನವೂ ಆಗುತ್ತೆ. ಗಾಡಿ ಹೊರಗೆ ತೆಗೆಯಲು ಆಗದಿದ್ದರೆ ತಾನೇ ಹೆಚ್ಚುಕಡಿಮೆ ಮಾಡಿಕೊಳ್ಳುವ ಸಣ್ಣ ಚಾರ್ಜರ್ ಸಿಗುತ್ತದೆ, ಅದನ್ನು ಹಚ್ಚಿ. ಫುಲ್ ಆದ ಮೇಲೆ ಅದು 13.5 ವೋಲ್ಟ್ ಆಸುಪಾಸಿನಲ್ಲಿ ಹಿಡಿದು ನಿಲ್ಲುತ್ತದೆ. ಅಂಗಡಿಯವರ ಹಳೇ ಕಬ್ಬಿಣದ ಡಬ್ಬಿ ಚಾರ್ಜರ್ ಮಾತ್ರ ಹಚ್ಚಿಟ್ಟು ಮರೆಯಬೇಡಿ, ನೀರೆಲ್ಲ ಕುದಿಸಿ ಒಣಗಿಸುತ್ತದೆ. ಕರೆಂಟ್ ಇಲ್ಲದ ಹೊಲದ ಮನೆ ಆದರೆ 20 ವಾಟಿನ ಸೋಲಾರ್ ಫಲಕ, ನಡುವೆ ಚಾರ್ಜ್ ಹೆಚ್ಚಾಗದಂತೆ ತಡೆಯುವ ಒಂದು ಕಂಟ್ರೋಲರ್ ಸಾಕು. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ.

ನೀರಿನ ವಿಷಯದಲ್ಲಿ ನಾನು ಸ್ವಲ್ಪ ಜಗಳಗಂಟಿ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಬಾರದು. ಬೋರಿನ ನೀರು ಬೇಡವೇ ಬೇಡ. ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುವ ನೀರು ಪ್ಲೇಟನ್ನು ಬಿಡುತ್ತಾ? ಕುಡಿಯುವ ಫಿಲ್ಟರ್ ನೀರೂ ಬೇಡ. ಪ್ಲೇಟು ಮುಳುಗಿದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಗುರುತಿನವರೆಗೆ ನೀರು ಹಾಕಿ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಆಸಿಡ್ ನೀರು ಉಕ್ಕುತ್ತದೆ. ಒಂದು ಸಲ ಹಾಗೆ ಉಕ್ಕಿದ್ದನ್ನು ನೋಡದೆ ಪಕ್ಕದಲ್ಲಿ ಕೂತಿದ್ದೆ. ಸೀರೆಗೆ ಅವತ್ತು ಏನೂ ಆಗಿರಲಿಲ್ಲ. ಒಗೆದು ಒಣಹಾಕಿದಾಗ ನೋಡಿದರೆ ಸೆರಗಿನ ತುಂಬಾ ಅಕ್ಕಿಕಾಳಿನಷ್ಟು ತೂತು. ಹಳೇ ಬಟ್ಟೆ ಹಾಕಿಕೊಂಡು, ಕಣ್ಣು ಜೋಪಾನವಾಗಿಟ್ಟುಕೊಂಡು ಈ ಕೆಲಸ ಮಾಡಿ. ಚಾರ್ಜಿಗೆ ಹಾಕಿದ ಕಡೆ ಕಿಟಕಿ ತೆಗೆದಿರಲಿ, ಬೀಡಿ ಸೇದುವವರು ದೂರ ಇರಲಿ. ಅದರಿಂದ ಬರುವ ಗಾಳಿಗೆ ಬೆಂಕಿ ಹತ್ತುತ್ತದೆ.

ತಂತಿ ಕೂರುವ ಕಡೆ ಬೆಳ್ಳಗೆ, ಹಸಿರಾಗಿ ಹೂವು ಬಿಟ್ಟಿದ್ದರೆ ಅಡುಗೆ ಸೋಡಾ ನೀರಿಗೆ ಹಾಕಿ ಹಳೇ ಬ್ರಶ್ಶಿನಿಂದ ತಿಕ್ಕಿ. ಬುರುಬುರು ನೊರೆ ಬರುತ್ತದೆ. ಆ ನೀರು ಮಾತ್ರ ಒಳಗೆ ಹೋಗದಿರಲಿ. ಒರೆಸಿ ತಂತಿ ಹಾಕಿ, ಮೇಲೆ ವ್ಯಾಸಲೀನ್ ಸವರಿ. ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತೆ ಅಂತ ಹಲಗೆ ಹುಡುಕುವವರಿದ್ದಾರೆ. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಆ ಭಯ ಇಲ್ಲ.

ಅಳಿಯನ ಗಾಡಿಯಲ್ಲಿ ಇನ್ನೊಂದು ಬ್ಯಾಟರಿ ಇದೆ, ಫ್ರಿಜ್ಜು ಫ್ಯಾನಿಗೆ ಅಂತ. ಅದು ಲಿಥಿಯಂ, ಅದರ ಸ್ವಭಾವವೇ ಬೇರೆ. ಹೊಟ್ಟೆ ತುಂಬಿಸಿ ಇಡುವುದು ಅದಕ್ಕೆ ಸೇರದು. ಅರ್ಧಕ್ಕೆ ತಂದು ಸ್ವಿಚ್ ಆಫ್ ಮಾಡಿ ಬಿಟ್ಟರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಕೆಡುತ್ತದೆ. ಲಡಾಖಿಗೆ ಹೋಗ್ತೀನಿ ಅಂತ ಕುಣಿಯುತ್ತಿದ್ದಾನೆ, ಅಲ್ಲಿ ಬೇಕಾದರೆ ಆ ಕಂಬಳಿ ಹೊದಿಸಿಕೊಳ್ಳಲಿ.

ಅಂದಹಾಗೆ ಕಂಬಳಿ. ನಾನು ಹೇಳಿದ್ದು ಕೇಳಿ ಅವನು ತಂತಿ ಬಿಚ್ಚಿದ, ಚಾರ್ಜರ್ ಹಚ್ಚಿದ. ಕಂಬಳಿ ಮಾತ್ರ ತೆಗೆಯಲಿಲ್ಲ, ನಾನೂ ಸುಮ್ಮನಾದೆ. ಸಂಕ್ರಾಂತಿ ಮುಗಿದ ವಾರ ಮೀಟರ್ ಹಿಡಿದು ಹೋದರೆ ಚಾರ್ಜರಿನ ದೀಪ ಆರಿದೆ, ಮೀಟರಿನಲ್ಲಿ 12.3. ಕಂಬಳಿ ಎತ್ತಿದೆ. ಒಳಗೆ ಇಲಿ ಮರಿ ಹಾಕಿತ್ತು, ಆರು ಮರಿ, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಪಕ್ಕದಲ್ಲೇ ಚಾರ್ಜರಿನ ವೈರು ಎರಡು ತುಂಡಾಗಿ ಬಿದ್ದಿತ್ತು.