ಫೈರ್‌ವಾಲ್‌ನ ಹಳೆಯ ತೂತುಗಳಿಗೆ ತೇಪೆ ಹಾಕಿದ ಬಗೆ

ವಿಮಾನದ ಫೈರ್‌ವಾಲ್ ಎಂದರೆ ಎಂಜಿನ್‌ಗೂ ಕಾಕ್‌ಪಿಟ್‌ಗೂ ನಡುವೆ ಬೆಂಕಿ ತಡೆಯುವ ಸ್ಟೇನ್‌ಲೆಸ್ ಸ್ಟೀಲ್ ಗೋಡೆ. ನನ್ನದನ್ನು ಪೂರ್ತಿ ಬಿಚ್ಚಿ ಹೊಸದನ್ನೇ ಕೂರಿಸಬೇಕು ಎಂದು ಹೇಳಿದವರು ಮೂವರು. ಮೂವರೂ ನನಗಿಂತ ಹೆಚ್ಚು ವಿಮಾನ ಕಟ್ಟಿದವರು. ನಾನು ಬಿಚ್ಚಲಿಲ್ಲ. ತೇಪೆ ಹಾಕಿದ ಅದೇ ಗೋಡೆಯ ಹಿಂದೆ ಕುಳಿತು ಈವರೆಗೆ ಸುಮಾರು 150 ಗಂಟೆ ಹಾರಿದ್ದೇನೆ.

ನನ್ನದು ಆರ್‌ವಿ-7, ಬಿಡಿಭಾಗಗಳ ಕಿಟ್‌ನಿಂದ ನಾವೇ ಕಟ್ಟಿಕೊಳ್ಳುವ ಎರಡು ಸೀಟಿನ ವಿಮಾನ. ಅಮೆರಿಕದ ಆರೆಗಾನ್‌ನಲ್ಲಿ ಅರ್ಧ ಕಟ್ಟಿದ ಸ್ಥಿತಿಯಲ್ಲಿ ಕೊಂಡೆ. ಹಿಂದಿನ ಮಾಲೀಕರು ಕಾರ್ಬ್ಯುರೇಟರ್ ಎಂಜಿನ್‌ಗೆಂದು ಕೇಬಲ್ ತೂತುಗಳನ್ನು ಆಗಲೇ ಕೊರೆದಿದ್ದರು. ನನಗೆ ಸಿಕ್ಕಿದ್ದು ಇಂಜೆಕ್ಷನ್ ಮಾದರಿಯ ಲೈಕಮಿಂಗ್ ಎಂಜಿನ್; ಅದರಲ್ಲಿ ಇಂಧನ ಅಳೆದು ಕೊಡುವ ಸರ್ವೊ ಮುಂದಕ್ಕೆ ಮುಖ ಮಾಡಿತ್ತು. ಹಳೆಯ ತೂತಿನಿಂದ ಹೊರಟ ಥ್ರಾಟಲ್ ಕೇಬಲ್ ಎರಡು ಕಡೆ ಬಳುಕಿ ಸರ್ವೊ ಮುಟ್ಟುತ್ತಿತ್ತು. ಎಳೆದು ಬಿಟ್ಟರೆ ಕಾಕ್‌ಪಿಟ್‌ನ ಥ್ರಾಟಲ್ ಗುಬುಟು ಒಂದು ಬೆರಳಿನಷ್ಟು ತಾನಾಗಿ ವಾಪಸು ಬರುತ್ತಿತ್ತು.

ಮೊದಲು ತೂತನ್ನೇ ಒಂದಿಷ್ಟು ಪಕ್ಕಕ್ಕೆ ಹಿಗ್ಗಿಸಲು ಹೋದೆ. ಡ್ರಿಲ್ ವೇಗವಾಗಿ ತಿರುಗಿಸಿದೆ, ಸ್ಟೇನ್‌ಲೆಸ್ ಬಿಸಿಯಾಗಿ ಗಡುಸಾಯಿತು, ನಾಲ್ಕು ಬಿಟ್‌ಗಳು ಹೋದವು, ತೂತು ಮೂರು ಮೂಲೆಯದಾಯಿತು. ಆಮೇಲೆ ಅದನ್ನು ಅಲ್ಯೂಮಿನಿಯಂ ತಟ್ಟೆ ಮತ್ತು ಕೆಂಪು ಸಿಲಿಕೋನ್‌ನಿಂದ ಮುಚ್ಚಿದೆ. ನೋಡಲು ಚೆನ್ನಾಗಿಯೇ ಇತ್ತು. ಮನಸ್ಸು ಒಪ್ಪದೆ ತುಂಡು ತಗಡಿನ ಮೇಲೆ ಅಂಥದ್ದೇ ಇನ್ನೊಂದು ತೇಪೆ ಮಾಡಿ ಹಿತ್ತಲಲ್ಲಿ ಪ್ರೊಪೇನ್ ಟಾರ್ಚ್ ಹಿಡಿದೆ. ಒಂದೆರಡು ನಿಮಿಷದಲ್ಲಿ ತಟ್ಟೆ ಜೋತುಬಿದ್ದು ಕಳಚಿತು. ಪ್ರಮಾಣಪತ್ರ ಪಡೆದ ವಿಮಾನಗಳ ಫೈರ್‌ವಾಲ್ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಜ್ವಾಲೆಯನ್ನು 15 ನಿಮಿಷ ತಡೆಯಬೇಕು. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಅಂದೇ ರಾತ್ರಿ ಆ ತೇಪೆಯನ್ನು ಕಿತ್ತೆ.

ಮೂರನೆಯ ಸಲ ಗೋಡೆಯಷ್ಟೇ ದಪ್ಪದ, ಅಂದರೆ ಅರ್ಧ ಮಿಲಿಮೀಟರಿಗೂ ತುಸು ಕಡಿಮೆಯ, ಸ್ಟೇನ್‌ಲೆಸ್ ತಗಡಿನಿಂದ ದುಂಡು ತಟ್ಟೆ ಕತ್ತರಿಸಿದೆ. ತೂತಿನ ಮೂಲೆಗಳನ್ನು ಅರದಿಂದ ಉಜ್ಜಿ ಮತ್ತೆ ದುಂಡಗಾಗಿಸಿದೆ. ತಟ್ಟೆಯ ವ್ಯಾಸ ತೂತಿಗಿಂತ 28 ಮಿ.ಮೀ. ಹೆಚ್ಚು; ಆಗ 3.2 ಮಿ.ಮೀ. ರಿವೆಟ್‌ಗೆ ಎರಡೂ ಅಂಚಿನಿಂದ ಸಾಕಷ್ಟು ಜಾಗ ಉಳಿಯುತ್ತದೆ. ನಿಕಲ್-ತಾಮ್ರದ ಮಿಶ್ರಲೋಹವಾದ ಮೋನೆಲ್‌ನ ರಿವೆಟ್‌ಗಳು, ನಡುವೆ ಬೆಂಕಿ ತಡೆಯುವ ಸೀಲಂಟ್, ರಿವೆಟ್‌ಗಳ ಟೊಳ್ಳಿಗೂ ಅದೇ. ಕೈ ಹೋಗದ ಮೂಲೆಯ ಎರಡು ರಿವೆಟ್‌ಗಳಿಗೆ ಒಂದು ಸಣ್ಣ ಉಪಕರಣ ಮಾಡಿಕೊಂಡೆ. ಅದನ್ನು ಹ್ಯಾಂಗರ್‌ಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಹಳೆಯದು ಮುಚ್ಚಿದ ಮೇಲೆ ಕೇಬಲ್‌ಗೆ ಬೇರೆ ಕಡೆ ತೂತು ಬೇಕಲ್ಲ. ಹೊಸ ತೂತಿನ ಜಾಗವನ್ನು ಹಗ್ಗ ಹಿಡಿದು ಗುರುತಿಸಬೇಡಿ. ಹಗ್ಗ ಎಲ್ಲಿ ಬೇಕಾದರೂ ಬಳುಕುತ್ತದೆ, ಕೇಬಲ್ ಅಷ್ಟು ಸಲೀಸಾಗಿ ಬಳುಕುವುದಿಲ್ಲ. ನಾನು ಗೆಳೆಯರೊಬ್ಬರ ಹಳೆಯ ಕೇಬಲನ್ನೇ ತಂದು, ಎಂಜಿನ್ ಅಲುಗುವಷ್ಟು ಸಡಿಲ ಬಿಟ್ಟು, ಎರಡು ವಾರಾಂತ್ಯ ಇದಕ್ಕೇ ಕಳೆದೆ. ತೂತು ಮಾಡಿದ್ದು ಬೋಲ್ಟ್ ಬಿಗಿದು ಕತ್ತರಿಸುವ ನಾಕೌಟ್ ಪಂಚ್‌ನಿಂದ. ಐದು ನಿಮಿಷದ ಕೆಲಸ. ಮೊದಲೇ ಅದನ್ನು ಕೊಂಡಿದ್ದರೆ ಆ ನಾಲ್ಕು ಬಿಟ್‌ಗಳು ಉಳಿಯುತ್ತಿದ್ದವು.

ವೈರ್‌ಗಳ ಕಟ್ಟು ಗೋಡೆ ದಾಟುವಲ್ಲಿ ಹಲವರು ಮಾಡುವಂತೆ ಸ್ನಾನದ ಮನೆಯ ಟವೆಲ್ ಕಂಬಿಯ ಸ್ಟೀಲ್ ತಳವನ್ನು ಬಳಸಿದೆ. ಮೊದಲು ತಂದದ್ದು ಕ್ರೋಮ್ ಬಳಿದ ಸತುವಿನ ಎರಕ. ಡ್ರಿಲ್ ಇಟ್ಟಾಗ ಮೆತ್ತಗೆ ಪುಡಿ ಬಂತು, ಬಿಸಾಡಿದೆ. ನಿಜವಾದ ಸ್ಟೇನ್‌ಲೆಸ್‌ಗೆ 20 ಡಾಲರ್ ಆಯಿತು.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ: ಎರಡು ಹೊಸ ಕೇಬಲ್‌ಗೆ 300 ಡಾಲರ್, ಕೇಬಲ್ ಗೋಡೆ ದಾಟುವಲ್ಲಿ ಕೂರಿಸುವ ಗುಂಡನೆಯ ಸ್ಟೀಲ್ ಹಿಡಿಕೆಗಳ (ಐಬಾಲ್) ಜೋಡಿಗೆ 110, ಪಂಚ್‌ಗೆ 80, ಸೀಲಂಟ್ ಮತ್ತು ರಿವೆಟ್‌ಗೆ 70ರ ಆಸುಪಾಸು. ದಂಡವಾದದ್ದು ಇನ್ನೊಂದು 150. ಫೈರ್‌ವಾಲ್ ಬದಲಿಸಿದ್ದರೆ ಹಣಕ್ಕಿಂತ ಹೆಚ್ಚಾಗಿ ಒಂದಿಡೀ ಚಳಿಗಾಲ ಹೋಗುತ್ತಿತ್ತು.

ಕೊನೆಗೆ ರಾತ್ರಿ ಗ್ಯಾರೇಜಿನ ದೀಪ ಆರಿಸಿ, ಹೆಂಡತಿ ಕಾಕ್‌ಪಿಟ್ ಒಳಗಿನಿಂದ ಟಾರ್ಚ್ ಹಿಡಿದಳು. ಎಂಜಿನ್ ಕಡೆಯಿಂದ ನಾನು ನೋಡಿದೆ. ಒಂದು ರಿವೆಟ್ ಪಕ್ಕದಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡಿತು, ಅದನ್ನೂ ಮುಚ್ಚಿದೆ. ಹಾರಾಟದಲ್ಲಿ ಕಾರ್ಬನ್ ಮಾನಾಕ್ಸೈಡ್ ಮೀಟರ್ ಸೊನ್ನೆ ತೋರಿಸುತ್ತಿದೆ, ಅಂದರೆ ಎಂಜಿನ್ ಹೊಗೆ ಒಳಗೆ ನುಸುಳುತ್ತಿಲ್ಲ. ಗುಬುಟು ಬಿಟ್ಟಲ್ಲೇ ನಿಲ್ಲುತ್ತದೆ.

ಕಳೆದ ವಾರ್ಷಿಕ ತಪಾಸಣೆಗೆ ಎಂಜಿನ್ ಮೇಲಿನ ಹೊದಿಕೆ (ಕೌಲಿಂಗ್) ತೆಗೆದಿದ್ದಾಗ ಆ ಮೂವರಲ್ಲಿ ಒಬ್ಬರು ಬಂದಿದ್ದರು. ತೇಪೆಯ ಅಂಚಿನ ಮೇಲೆ ಬೆರಳಾಡಿಸಿ, ತಟ್ಟೆಯ ಅಳತೆ ಕೇಳಿ ಬರೆದುಕೊಂಡು ಹೋದರು.