ನಿಮ್ಮ ಪೋಸ್ಟಿಗೆ ನೀವೇ ವೋಟ್ ಹಾಕಬಹುದಾ?

ನಾನು ಒಂದು ಆನ್‌ಲೈನ್ ಗುಂಪಿನ ಮಾಡರೇಟರ್. ಹೊಸಬರು ಆಗಾಗ ಕೇಳುತ್ತಾರೆ: ಬಟನ್ ಇದೆ, ಒತ್ತಿದರೆ ತಪ್ಪೇನು? ನಾನು ಹೇಳುವುದಿಷ್ಟೇ: ಆ ವೋಟು ಯಾಕಿದೆ ಅಂತ ಮೊದಲು ನೋಡಿ.

ಎಲ್ಲರೂ ಸೇರಿ ಏನೋ ತೀರ್ಮಾನ ಮಾಡುವುದಕ್ಕಾದರೆ ಧಾರಾಳವಾಗಿ ಹಾಕಿ. ಚುನಾವಣೆಗೆ ನಿಂತವರು ತಮಗೇ ವೋಟ್ ಹಾಕಿಕೊಳ್ಳುತ್ತಾರೆ ಅಲ್ವಾ? ಎಲ್ಲರೂ ಬಳಸಬಹುದಾದ ಚಿತ್ರಗಳ ತಾಣ ವಿಕಿಮೀಡಿಯ ಕಾಮನ್ಸ್‌ನಲ್ಲಿ ಅತ್ಯುತ್ತಮ ಚಿತ್ರಗಳನ್ನು ('ಫೀಚರ್ಡ್ ಪಿಕ್ಚರ್') ಆರಿಸುವಾಗ, ಚಿತ್ರವನ್ನು ಮುಂದಿಟ್ಟವರೂ ಅದಕ್ಕೆ ವೋಟ್ ಹಾಕಬಹುದು. ಹೆಸರು ಎಲ್ಲರಿಗೂ ಕಾಣುತ್ತದೆ, ಮುಚ್ಚುಮರೆ ಇಲ್ಲ. ಆದರೆ ಒಂದೇ ಸಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಲೇಖನ ಅಳಿಸಿ ಅಂತ ನೀವು ಚರ್ಚೆ ಶುರುಮಾಡಿದರೆ ನಿಮ್ಮ ಮಾತು ಅಲ್ಲೇ ಬಂತು. ಕೆಳಗೆ ಮತ್ತೆ ವೋಟ್ ಹಾಕಿದಂತೆ ದಪ್ಪಕ್ಷರದಲ್ಲಿ 'ಅಳಿಸಿ' ಅಂತ ಬರೆಯಬೇಡಿ.

ಬರಹ ಚೆನ್ನಾಗಿದೆಯಾ ಅಂತ ತಿಳಿಯುವುದಕ್ಕೆ ಇಟ್ಟ ವೋಟಾದರೆ ಬೇಡ. ಪ್ರೋಗ್ರಾಮಿಂಗ್ ಪ್ರಶ್ನೋತ್ತರದ ತಾಣ ಸ್ಟಾಕ್ ಓವರ್‌ಫ್ಲೋ ಅಂತೂ ನಿಮ್ಮ ಬರಹಕ್ಕೆ ನೀವೇ ವೋಟ್ ಹಾಕಲು ಬಿಡುವುದೇ ಇಲ್ಲ. ಅಲ್ಲಿ ನಿಮ್ಮ ಪ್ರಶ್ನೆಗೆ ನೀವೇ ಉತ್ತರ ಬರೆದು, 2 ದಿನ ಬಿಟ್ಟು ಅದನ್ನೇ ಆಕ್ಸೆಪ್ಟ್ ಮಾಡಬಹುದು, ಅಂದರೆ ತೊಂದರೆ ಬಗೆಹರಿಸಿದ ಉತ್ತರ ಇದೇ ಅಂತ ಗುರುತು ಹಾಕಬಹುದು. ಹಾಗೆ ಮಾಡಿದ್ದಕ್ಕೆ ಪಾಯಿಂಟ್ ಮಾತ್ರ ಸಿಗುವುದಿಲ್ಲ. ನನಗೆ ತುಂಬಾ ಹಿಡಿಸಿದ ನಿಯಮ ಇದು. ನಿಮ್ಮ ತೊಂದರೆ ಬಗೆಹರಿಯಿತಾ ಅಂತ ನೀವೇ ಹೇಳಬೇಕು. ಉತ್ತರ ಒಳ್ಳೆಯದಾ ಅಂತ ಓದಿದವರು ಹೇಳಬೇಕು.

ಒಂದು ವೋಟಿನಿಂದ ಏನಾಗುತ್ತದೆ ಅನ್ನಬೇಡಿ, ಮೊದಲ ವೋಟಿನ ತೂಕವೇ ಬೇರೆ. ಸಂಶೋಧಕ ಸಿನಾನ್ ಅರಲ್ ಮತ್ತು ಜೊತೆಗಾರರು ಒಂದು ಸುದ್ದಿ ತಾಣದಲ್ಲಿ ಪರೀಕ್ಷೆ ಮಾಡಿ, 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಕಾಮೆಂಟ್ ಬಂದ ಕೂಡಲೇ ಸುಮ್ನೆ ಒಂದು ಅಪ್‌ವೋಟ್ (ಮೆಚ್ಚುಗೆಯ ವೋಟ್) ಕೊಟ್ಟರೆ ಸಾಕು, ಕೊನೆಯ ರೇಟಿಂಗ್ ಸರಾಸರಿ ಶೇ 25ರಷ್ಟು ಜಾಸ್ತಿಯಾಗಿತ್ತು! ಬರಹ ಹೇಗಿದೆ ಅನ್ನುವುದಕ್ಕೂ ಆ ವೋಟಿಗೂ ಸಂಬಂಧವೇ ಇರಲಿಲ್ಲ. ಜನ ಪೋಸ್ಟ್ ಹಾಕಿ ವೋಟ್ ಮಾಡುವ ತಾಣ ರೆಡಿಟ್ ಹಿಂದೆ ಬಹಿರಂಗ ಮಾಡಿದ್ದ ಲೆಕ್ಕದಲ್ಲಿ, ಪೋಸ್ಟ್ ಮೊದಲ 10 ವೋಟಿನಿಂದ ಪಟ್ಟಿಯಲ್ಲಿ ಏರಿದಷ್ಟೇ ಮತ್ತೆ ಏರಲು ಆಮೇಲೆ ಇನ್ನೂ 90 ಬೇಕಿತ್ತು.

ಅದೇ ರೆಡಿಟ್‌ನಲ್ಲಿ ಪೋಸ್ಟ್ ಹಾಕಿದೊಡನೆ ನಿಮ್ಮ ಒಂದು ವೋಟು ತಾನಾಗಿ ಬೀಳುತ್ತದೆ. ಎಲ್ಲರಿಗೂ ಹಾಗೇ, ಆದ್ದರಿಂದ ಯಾರಿಗೂ ಲಾಭವಿಲ್ಲ. ಸಂಕೋಚಪಟ್ಟು ಅದನ್ನು ತೆಗೆಯಲು ಹೋಗಬೇಡಿ.

ಇನ್ನೊಂದು ಅಕೌಂಟ್ ತೆರೆದು ವೋಟ್ ಹಾಕುವುದು ಮಾತ್ರ ಎಲ್ಲೂ ನಡೆಯುವುದಿಲ್ಲ. ಗೆಳೆಯರ ಗ್ರೂಪಿಗೆ ಲಿಂಕ್ ಕಳಿಸಿ 'ಒಂದು ವೋಟ್ ಒತ್ತಿ' ಅನ್ನುವುದೂ ಅದೇ ಜಾತಿ. ಇವೆರಡಕ್ಕೂ ನಾನು ಎಚ್ಚರಿಕೆ ಕೊಡುವುದಿಲ್ಲ, ನೇರ ಬ್ಯಾನ್.

ವೋಟ್ ಬರುತ್ತಿಲ್ಲ ಅನ್ನುವ ಬೇಜಾರಿದ್ದರೆ ತಲೆಬರಹ ತಿದ್ದಿ. ಮೊದಲ ಎರಡು ಸಾಲಿನಲ್ಲೇ ವಿಷಯ ಹೇಳಿ. ನಿಯಮದಲ್ಲಿ ಸ್ಪಷ್ಟವಿಲ್ಲದಿದ್ದರೆ ಮಾಡರೇಟರಿಗೆ ಒಂದು ಮೆಸೇಜ್ ಹಾಕಿ. ಉತ್ತರ ಬರುವವರೆಗೆ ಬಟನ್ ಮುಟ್ಟಬೇಡಿ.