ಇಪ್ಪತ್ತೆರಡನೇ ವಾರದಲ್ಲಿ ಸ್ಟುಟ್‌ಗಾರ್ಟ್‌ಗೆ

ಮಗು ಬೇಕೆಂದು ನಾವಿಬ್ಬರೂ ತೀರ್ಮಾನಿಸಿ ಮೂರು ತಿಂಗಳಾಗಿತ್ತು. ಅಷ್ಟರಲ್ಲಿ ನನ್ನ ಗಂಡನಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿತು. ಎರಡರಲ್ಲಿ ಒಂದನ್ನು ಮುಂದೂಡಿ ಎಂದು ಎರಡೂ ಮನೆಯವರು ಹೇಳಿದರು. ನಾವು ಮುಂದೂಡಲಿಲ್ಲ. ನನಗೆ ಆಗಲೇ 33 ವರ್ಷ. ಫೋಲಿಕ್ ಆಸಿಡ್ ಮಾತ್ರೆ ಶುರುವಾಗಿತ್ತು, ಥೈರಾಯ್ಡ್ ಮತ್ತು ರುಬೆಲ್ಲಾ ಪರೀಕ್ಷೆಗಳೂ ಮುಗಿದಿದ್ದವು. ವೀಸಾಗೆ ಅರ್ಜಿ ಹಾಕಿದ ವಾರವೇ ಗರ್ಭ ನಿಂತದ್ದು ಗೊತ್ತಾಯಿತು.

ಅಂದೇ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರದ ಮೇಲೆ ಗರ್ಭದ ವಾರದ ಸಂಖ್ಯೆ ಬರೆದೆವು. ಅದರ ಪಕ್ಕದಲ್ಲೇ ವೀಸಾ, ಬಾಡಿಗೆ ಮನೆ ಬಿಡುವ ದಿನ, ಕೆಲಸಕ್ಕೆ ಸೇರುವ ದಿನ. ಹೀಗೆ ಹೊರಡುವವರು ತಿಂಗಳ ಲೆಕ್ಕ ಬಿಟ್ಟು ವಾರದ ಲೆಕ್ಕ ಹಿಡಿಯಬೇಕೆಂದು ನಾನು ಒತ್ತಿ ಹೇಳುತ್ತೇನೆ. 18ರಿಂದ 20ನೇ ವಾರದ ನಡುವಿನ ದೊಡ್ಡ ಸ್ಕ್ಯಾನಿಂಗ್ ಮೊದಲಿನಿಂದ ನೋಡಿದ ವೈದ್ಯೆಯ ಬಳಿಯೇ ಆಗಲಿ ಎಂಬುದು ನನ್ನ ಹಟ. 28ನೇ ವಾರ ದಾಟಿದರೆ ಹಲವು ವಿಮಾನ ಸಂಸ್ಥೆಗಳು ವೈದ್ಯರ ಪತ್ರ ಕೇಳುತ್ತವೆ. ಹಾಗಾಗಿ 22ನೇ ವಾರಕ್ಕೆ ಟಿಕೆಟ್ ತೆಗೆದೆವು. ಏಳನೇ ತಿಂಗಳಿಗೆ ಕಾಯದೆ ಅಮ್ಮ ಐದರಲ್ಲೇ ಹಸಿರು ಬಳೆ ತೊಡಿಸಿದಳು.

ವಿಮೆಯ ವಿಷಯದಲ್ಲಿ ನಾವು ಅತಿ ಎಚ್ಚರ ವಹಿಸಿದೆವು. ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆಯಲ್ಲಿ ಸಂಬಳವಿಲ್ಲದ ಪತ್ನಿಗೆ ಪ್ರತ್ಯೇಕ ಕಂತಿಲ್ಲ, ಹೆರಿಗೆಯ ವೆಚ್ಚವೂ ಅದರಲ್ಲೇ ಸೇರುತ್ತದೆ. ಆದರೆ ಅದು ಶುರುವಾಗುವುದು ಗಂಡನ ಕೆಲಸ ಶುರುವಾದ ದಿನದಿಂದ. ಆದ್ದರಿಂದ ಅದಕ್ಕೆ ಮೂರೇ ದಿನ ಮೊದಲು ಅಲ್ಲಿ ಇಳಿದೆವು.

ಅಲ್ಲಿನ ವೈದ್ಯರು ಮುಟರ್‌ಪಾಸ್ ಎಂಬ ತಿಳಿನೀಲಿ ಪುಸ್ತಕ ಕೊಟ್ಟರು. ನಮ್ಮ ತಾಯಿ ಕಾರ್ಡಿನ ಬಂಧುವೇ ಸರಿ. ಬೆಂಗಳೂರಿನ ವರದಿಗಳೆಲ್ಲ ಇಂಗ್ಲಿಷಿನಲ್ಲಿ ಇದ್ದುದರಿಂದ ಹಿಂದಿನ ವಿವರಗಳನ್ನು ಅವರು ಅರ್ಧ ಗಂಟೆಯಲ್ಲಿ ತುಂಬಿದರು. ಮಗು ಗಂಡೋ ಹೆಣ್ಣೋ ತಿಳಿಯಬೇಕೇ ಎಂದು ಕೇಳಿದಾಗ ಮಾತ್ರ ಇಬ್ಬರೂ ಬೆಚ್ಚಿದೆವು. ಆ ಪ್ರಶ್ನೆಯೇ ಕಾನೂನುಬಾಹಿರವಾದ ಊರಿನಿಂದ ಬಂದವರು ನಾವು. ಬೇಡ ಎಂದೆವು.

ಸೂಲಗಿತ್ತಿಯನ್ನು ಹುಡುಕಲು ಮಾತ್ರ ನಾನು ಬೆಂಗಳೂರಿನಲ್ಲಿದ್ದಾಗಲೇ, 14ನೇ ವಾರದಿಂದಲೇ ತೊಡಗಿದ್ದೆ. ಅಲ್ಲಿ ಅವರನ್ನು ಹೆಬಾಮೆ ಎನ್ನುತ್ತಾರೆ. ಹೆರಿಗೆಯ ನಂತರ ಮನೆಗೇ ಬಂದು ಮಗುವಿನ ತೂಕ, ಹೊಕ್ಕುಳು, ತಾಯಿಯ ಹೊಲಿಗೆ, ಹಾಲೂಡಿಸುವ ರೀತಿ ಎಲ್ಲವನ್ನೂ ನೋಡುತ್ತಾರೆ; ಖರ್ಚು ವಿಮೆಯದ್ದು. ಅವರಿಗೆ ಎಷ್ಟು ಬೇಡಿಕೆಯೆಂದರೆ ಹನ್ನೊಂದು ಮಂದಿ ಆಗುವುದಿಲ್ಲ ಎಂದರು, ಹನ್ನೆರಡನೆಯವರು ಒಪ್ಪಿದರು. ಮೊದಲ ಹತ್ತು ದಿನ ಅವರು ತಪ್ಪದೆ ಬಂದರು. ಆ ಋಣ ದೊಡ್ಡದು.

ನಾವು ಎಡವಿದ್ದು ಬಾಣಂತನದ ಲೆಕ್ಕದಲ್ಲಿ. ಅಮ್ಮನಿಗೆ ಸಿಗುವ ಷೆಂಗೆನ್ ವೀಸಾದಲ್ಲಿ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಅಲ್ಪಾವಧಿ ವೀಸಾದಲ್ಲಿ, 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. ಮೂರು ತಿಂಗಳ ಬಾಣಂತನಕ್ಕೆ ಅಷ್ಟು ಸಾಕು ಎಂದುಕೊಂಡು, ಹೆರಿಗೆಯ ತಾರೀಖಿಗೆ ಎರಡು ವಾರ ಮೊದಲೇ ಅವಳನ್ನು ಕರೆಸಿಕೊಂಡೆವು. ಮಗಳು ಹುಟ್ಟಿದ್ದು ಆ ತಾರೀಖು ದಾಟಿ ಒಂಬತ್ತು ದಿನಕ್ಕೆ. ಮೊಮ್ಮಗಳ ಮುಖ ನೋಡುವ ಮೊದಲೇ ಅಮ್ಮನ 23 ದಿನಗಳು ಕರಗಿದ್ದವು. ಈಗ ಯಾರಾದರೂ ಕೇಳಿದರೆ, ಅಮ್ಮನನ್ನು ಹೆರಿಗೆಯ ತಾರೀಖಿಗೇ ಕರೆಸಿಕೊಳ್ಳಿ, ಮೊದಲ ವಾರ ಹೆಬಾಮೆ ಇರುತ್ತಾರೆ ಎನ್ನುತ್ತೇನೆ.

ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವಂತಿಲ್ಲವೆಂದು ಅಮ್ಮ ಮನೆಯ ತುಪ್ಪವನ್ನು ಮನಸ್ಸಿಲ್ಲದೆ ಬಿಟ್ಟು ಬಂದಿದ್ದಳು. ಬ್ಯಾಗಿನಲ್ಲಿ ಇದ್ದದ್ದು ಓಮ, ಒಣಶುಂಠಿ, ಅಂಟು. ಇಲ್ಲಿನ ಉಪ್ಪಿಲ್ಲದ ಬೆಣ್ಣೆ ಕಾಯಿಸಿದಾಗ ಮನೆಯೆಲ್ಲ ಘಮ್ಮೆಂದಿತು. “ಇದೂ ಹಸುವಿನದ್ದೇ ಅಲ್ಲವೇ” ಎಂದು ಸಮಾಧಾನ ಹೇಳಿಕೊಂಡು ಅಂಟಿನುಂಡೆ ಕಟ್ಟಿದಳು.

ಅಮ್ಮ ಹೊರಡುವ ದಿನ ಮಗುವಿಗೆ 67 ದಿನ ತುಂಬುತ್ತದೆಂದು ಕ್ಯಾಲೆಂಡರ್ ಹೇಳುತ್ತಿತ್ತು. ತಂದೆಗೂ ಪೋಷಕರ ರಜೆ ಉಂಟು, ಆದರೆ ಏಳು ವಾರ ಮೊದಲು ಬರೆದು ಕೊಡಬೇಕು. ಮಗುವಿಗೆ ಎರಡು ವಾರ ಆದಾಗಲೇ ನನ್ನ ಗಂಡ ಪತ್ರ ಕೊಟ್ಟರು. ವಿಮಾನ ನಿಲ್ದಾಣದಿಂದ ಮರಳಿದ ಸಂಜೆ ಅವರು ಮಗಳನ್ನು ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡರು, ಅಮ್ಮ ಕಲಿಸಿದ ಹಾಗೆಯೇ. ನಾನು ಬಿಸಿನೀರು ಹೊಯ್ದೆ.